ಹತ್ತು ಮೊಳದ ಒಳಗೆ

ಕುದುರೆಯಿಂದ ಹತ್ತು ಮೊಳ ದೂರವಿರಬೇಕೆಂದು ಸಂಸ್ಕೃತದ ಸುಭಾಷಿತಕಾರನೊಬ್ಬ ಹೇಳಿಟ್ಟು ಹೋಗಿದ್ದಾನೆ. ಅಂದರೆ ಸುಮಾರು 15 ಅಡಿ. ನಾನು ಸವಾರಿ ಕಲಿಯಲು ಸೇರಿಕೊಂಡ ಲಾಯದ ಸಾಬರು ಈ ಲೆಕ್ಕವನ್ನು ಅರ್ಧ ಮಾತ್ರ ಒಪ್ಪುತ್ತಾರೆ. "ಹಿಂದ್ಗಡೆಯಿಂದ ದಾಟೋದಾದ್ರೆ ಒಂದೋ ಪೂರ್ತಿ ದೂರ ಹೋಗಿ, ಇಲ್ಲಾಂದ್ರೆ ಪಿರ್ರೆ ಮೇಲೆ ಕೈಯಿಟ್ಕೊಂಡು ಮೈಗೆ ಅಂಟ್ಕೊಂಡೇ ಹೋಗಿ. ಮಧ್ಯ ಮಾತ್ರ ನಿಲ್ಬೇಡಿ ಸಾರ್." ಅಂಟಿಕೊಂಡಿದ್ದರೆ ಒದೆಗೆ ಬೀಸು ಸಿಗುವುದಿಲ್ಲ, ಹೆಚ್ಚೆಂದರೆ ತಳ್ಳುತ್ತದೆ. ಮೂರ್ನಾಲ್ಕು ಅಡಿ ಆಚೆ ಮರ್ಯಾದೆಯಿಂದ ನಿಂತವನಿಗೇ ಕಾಲು ಪೂರ್ತಿ ಚಾಚಿಕೊಂಡು ಬರುವುದು. ಬಂದ ಕಡತಕ್ಕೆಲ್ಲ 'ಚರ್ಚಿಸಿ' ಎಂದು ಬರೆದು, ಅತ್ತಲೂ ವಾಲದೆ ಇತ್ತಲೂ ವಾಲದೆ ನಿವೃತ್ತನಾದ ನನಗೆ ಆ ಮಧ್ಯದ ಜಾಗವೇ ಹುಟ್ಟೂರು.

ಈ ವಯಸ್ಸಿನಲ್ಲಿ ಕುದುರೆ ಯಾಕೆ ಎಂದು ಮನೆಯಲ್ಲಿ ಕೇಳಿದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಕುದುರೆ ಮೇಲೆ ನುಗ್ಗಿ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು, ಅದೇ ಊರಿನ ನೀರು ಕುಡಿದವನು ನಾನು ಎಂದೆ. "ಅವರಲ್ಲಿ ನಿಮ್ಮ ಕಡೆಯೋರು ಯಾರಿದ್ರು?" ಎಂದಳು ಹೆಂಡತಿ. ನಮ್ಮ ತಾತ ಆಗ ನಂಜನಗೂಡಿನ ಕಡೆ ಶಾನುಭೋಗರೊಬ್ಬರ ಕೈಕೆಳಗೆ ಲೆಕ್ಕ ಬರೆಯುತ್ತಿದ್ದರು. ಮಾತು ಅಲ್ಲಿಗೆ ನಿಂತಿತು.

ಲಾಯದಲ್ಲಿ ಹತ್ತುವ ಮಾತೇ ಇಲ್ಲ. ಮೊದಲು ನೆಲದ ಮೇಲೆ ಬದುಕಿ ಉಳಿಯುವುದನ್ನು ಕಲಿಯಬೇಕು. ನನ್ನ ಪಾಲಿಗೆ ಬಂದವನು ರೇಸಿನಿಂದ ನಿವೃತ್ತನಾದ ಪುಟ್ಟಯ್ಯ. ಕಾಗದದಲ್ಲಿ ಏನೋ ಉದ್ದನೆಯ ಇಂಗ್ಲಿಷ್ ಹೆಸರಿದೆ. ಅವನ ಹತ್ತಿರ ಹೋಗುವಾಗ ಮಾತಾಡುತ್ತಾ, ಎಡಗಡೆಯಿಂದ, ಭುಜದ ನೇರಕ್ಕೆ ಹೋಗಬೇಕು. (ಎಡಗಡೆಯೇ ಯಾಕೆಂದರೆ ಹಿಂದಿನ ಸೈನಿಕರ ಕತ್ತಿ ಎಡಸೊಂಟದಲ್ಲಿ ನೇತಾಡುತ್ತಿತ್ತು, ಕಾಲೆತ್ತಿ ಹಾಕುವಾಗ ಅಡ್ಡ ಬರಬಾರದಲ್ಲ. ನನ್ನ ಎಡಸೊಂಟದಲ್ಲಿರುವುದು ನೋವು.) ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಅವನಿಗೆ ಸುತ್ತಮುತ್ತಲೆಲ್ಲ ಕಾಣುತ್ತದೆ, ನೇರ ಬೆನ್ನ ಹಿಂದೆ ಮತ್ತು ಮೂಗಿನ ಬುಡದಲ್ಲಿ ಮಾತ್ರ ಕಾಣದು. ಹಾಗಾಗಿ ತಿನ್ನಲು ಕೊಡುವಾಗ ಅಂಗೈ ಚಪ್ಪಟೆ ಹಿಡಿಯಬೇಕು, ಮೂಗಿನ ಬುಡದಲ್ಲಿ ಬೆರಳೂ ಕ್ಯಾರೆಟ್ಟೂ ಒಂದೇ. ಕಿವಿ ಹಿಂದಕ್ಕೆ ಒತ್ತಿಕೊಂಡರೆ ಸಿಟ್ಟು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಿಸಿ ಹಿಡಿಯಬೇಕು. ಚಪ್ಪಲಿ ಕೂಡದು. ಏನೇ ಆದರೂ ಕಿರುಚಬಾರದು. ಈ ಕೊನೆಯದನ್ನು ನಾನು ಬಹಳ ನಿಷ್ಠೆಯಿಂದ ಬಾಯಿಪಾಠ ಮಾಡಿದ್ದೆ.

ಒಂದು ಬೆಳಿಗ್ಗೆ ಪುಟ್ಟಯ್ಯನ ಮೈಗೆ ಬ್ರಷ್ ಹಾಕುತ್ತಿದ್ದೆ. ನೊಣ ಓಡಿಸಲೆಂದು ಅರ್ಧ ಹೆಜ್ಜೆ ಸರಿದವನು ಮುಂಗಾಲನ್ನು ನನ್ನ ಬೂಟಿನ ಮೇಲೆ ಇಟ್ಟ. ದ್ವೇಷವೇನಿಲ್ಲ, ಅಲ್ಲಿ ನೆಲವಿತ್ತು, ನೆಲದ ಮೇಲೆ ನಾನಿದ್ದೆ. ಲೆಕ್ಕ ಬರೆಯುವ ವಂಶ ನೋಡಿ, ಆ ನೋವಿನಲ್ಲೂ ತಲೆ ಲೆಕ್ಕ ಹಾಕತೊಡಗಿತು. ಕುದುರೆಯ ತೂಕ 450 ಕಿಲೋ. ಅದರಲ್ಲಿ ಶೇ 60ರಷ್ಟು ಮುಂಗಾಲುಗಳ ಮೇಲೆ: 270. ಒಂದು ಕಾಲಿಗೆ 135. ಸಿಮೆಂಟ್ ಮೂಟೆಯಾದರೆ ಎರಡೂಮುಕ್ಕಾಲಿಗೆ ಕೊಂಚ ಕಡಿಮೆ. ಆ ಕೊಂಚಕ್ಕೆ ನಾನು ಕೃತಜ್ಞನಾಗಿರುವಾಗಲೇ ಪುಟ್ಟಯ್ಯ ಒಂದು ಹಿಂಗಾಲನ್ನು ಸಡಿಲ ಬಿಟ್ಟ. ಕೆಳತುಟಿ ಜೋತುಬಿತ್ತು. ಕಣ್ಣು ಅರ್ಧ ಮುಚ್ಚಿತು. ಕುದುರೆಯ ಕಾಲಿನೊಳಗೆ ಕೀಲು ಬಿಗಿದು ನಿಲ್ಲುವ ಏರ್ಪಾಡೊಂದಿದೆ, ಸುಸ್ತಾಗದೆ ನಿಂತಲ್ಲೇ ತೂಕಡಿಸಬಹುದು ಎಂದು ಸಾಬರು ಹಿಂದಿನ ದಿನವಷ್ಟೇ ವಿವರಿಸಿದ್ದರು. ನಾನು ತಲೆದೂಗಿದ್ದೆ.

ಎಳೆದೆ, ಬರಲಿಲ್ಲ. ಕಿರುಚುವಂತಿಲ್ಲ. "ಪುಟ್ಟಯ್ಯನೋರೇ, ಸ್ವಲ್ಪ ಕಾಲು ತೆಗೀತೀರಾ?" ಎಂದು ಪಿಸುಗುಟ್ಟಿದೆ. ಬಹುವಚನ ತಾನಾಗಿಯೇ ಬಂತು. ಒಂದು ಕಿವಿ ನನ್ನತ್ತ ತಿರುಗಿತು. ಅರ್ಜಿ ಸ್ವೀಕೃತವಾಯಿತು, ಕ್ರಮ ಕೈಗೊಳ್ಳಲಿಲ್ಲ. ರೇಸಿನ ಲಾಯಗಳಲ್ಲಿ ಹಿಂದಿ ನಡೆಯುತ್ತಿದ್ದಿರಬಹುದೆಂದು "ಜರಾ ಹಟಿಯೇ" ಎಂದೆ. ಉದ್ದನೆಯ ಹೆಸರಿನ ಗೌರವಕ್ಕೆ "ಎಕ್ಸ್‌ಕ್ಯೂಸ್ ಮಿ" ಎಂದೆ. ಮೇಲಿನಿಂದ ದೀರ್ಘವಾದ ನಿಟ್ಟುಸಿರೊಂದು ನನ್ನ ತಲೆಯ ಮೇಲೆ ಬಿತ್ತು. ಇದಕ್ಕಿಂತ ಕಡಿಮೆ ಮಾತಿನಲ್ಲಿ ನಾನೂ ಎಷ್ಟೋ ಜನರನ್ನು ಕಚೇರಿಯಿಂದ ಸಾಗಹಾಕಿದ್ದೇನೆ.

ಅಷ್ಟರಲ್ಲಿ ರಬ್ಬರ್ ಚಪ್ಪಲಿಯ ಯಜಮಾನನೊಬ್ಬ ಮೊಬೈಲ್ ಎತ್ತಿಕೊಂಡು, ಮಗುವಿನ ಕೈಹಿಡಿದು, ಸೀದಾ ಪುಟ್ಟಯ್ಯನ ಬಾಲದ ಕಡೆಯಿಂದ ಬಂದ. "ಅಂಕಲ್, ಹಂಗೇ ನಿಂತಿರಿ, ಫೋಟೊ ಚೆನ್ನಾಗಿ ಬರ್ತದೆ." ನಾನು ಬೇರೆ ಹೇಗೂ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. "ಹಿಂದೆ ಬರ್ಬೇಡಿ, ಮಗು ಇದೆ," ಎಂದು ಗಂಟಲೊಳಗೇ ಗೋಗರೆದೆ. "ಕುದುರೆ ಏನು ನಿಮ್ದೇನ್ರೀ?" ಎಂದ. ಆ ಕ್ಷಣದಲ್ಲಿ ಯಾರು ಯಾರ ಸ್ವತ್ತು ಎಂಬುದು ನನಗೂ ಸ್ಪಷ್ಟವಿರಲಿಲ್ಲ. ಆದರೆ ಸಿಟ್ಟು ಮಾತ್ರ ಕಾಲಿನ ನೋವನ್ನೂ ಮೀರಿ ಏರಿತು. ಬಿಸಿ ದೋಸೆಹೆಂಚನ್ನು ಮುಟ್ಟಲು ಬಿಡದ ಅಪ್ಪಂದಿರು ಮಕ್ಕಳನ್ನು ಕುದುರೆಯ ಹಿಂಗಾಲ ಬುಡದಲ್ಲಿ ನಿಲ್ಲಿಸಿ ನಗು ಎನ್ನುತ್ತಾರಲ್ಲ!

ಸಾಬರು ಬಂದರು. ಓಡಿಬರಲಿಲ್ಲ, ನಡೆದು ಬಂದರು. ಒಂದು ಕೈಯೆತ್ತಿ ಆತನನ್ನು ಅಲ್ಲೇ ನಿಲ್ಲಿಸಿ, ತಮ್ಮ ಭುಜವನ್ನು ಪುಟ್ಟಯ್ಯನ ಭುಜಕ್ಕೆ ಕೊಟ್ಟು ಒತ್ತಿದರು. ಭಾರ ಆಚೆಗಾಲಿಗೆ ಹೋಯಿತು, ಗೊರಸು ಎದ್ದಿತು. "ನಿಮ್ಮ ಕಾಲು ಎಳ್ಕೋಬಾರ್ದು ಸಾರ್. ಅವನನ್ನ ತಳ್ಬೇಕು."

ಎತ್ತಿದ ಆ ಕೈಯ ತೋರುಬೆರಳಿಗೆ ಮೇಲಿನ ಗೆಣ್ಣಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಹಿಡಿಯಲು ಹೋಗಿದ್ದಾಗ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದರಂತೆ. ಗಂಡಿನ ಕಡೆಯ ಹುಡುಗರು ಕುದುರೆಯ ಹಿಂದೆಯೇ ಪಟಾಕಿ ಸರ ಹಚ್ಚಿದರಂತೆ. "ಮೆರವಣಿಗೆ ಅರ್ಧಕ್ಕೇ ನಿಂತೋಯ್ತು ಅಂತ ಬಾಡಿಗೇಲಿ ಐನೂರು ಮುರ್ಕೊಂಡ್ರು ಸಾರ್," ಎಂದರು, ಪುಟ್ಟಯ್ಯನಿಗೆ ನೆನೆಸಿದ ಹುರುಳಿ ಹಾಕುತ್ತಾ. ನನ್ನ ಬೂಟು ಬಿಚ್ಚುವವರೆಗೆ ನಾನು ಏನೂ ಮಾತಾಡಲಿಲ್ಲ.

ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಿತ್ತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕುದುರೆಯಿಂದ ಬಿದ್ರಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಹತ್ತೋಕೆ ಇನ್ನೂ ಬಿಟ್ಟಿಲ್ಲ," ಎಂದೆ.