ಹಿಂಜೇಬಿನ ಗ್ಲಾಸು
ಬಿಲ್ಲಿ ವೈಲ್ಡರ್‌ನ ‘ಸಬ್ರಿನಾ’ (1954) ನೋಡಿದಾಗಲೆಲ್ಲ ನನಗೆ ಅಯ್ಯೋ ಪಾಪ ಅನ್ನಿಸುವುದು ಅದರ ಇಬ್ಬರು ಅಣ್ಣತಮ್ಮಂದಿರಲ್ಲಿ ಕಿರಿಯವ ಡೇವಿಡ್‌ನನ್ನು ಕಂಡು. ಪ್ಯಾರಿಸ್ಸಿನಲ್ಲಿ ಅಡುಗೆ ಕಲಿಯಲು ಹೋದ ಅವರ ಮನೆಯ ಡ್ರೈವರ್ ಮಗಳು ಸಬ್ರಿನಾ ಅಪ್ಸರೆಯಾಗಿ ವಾಪಸಾಗಿದ್ದಾಳೆ. ಇವನು ಪ್ಯಾಂಟಿನ ಹಿಂಜೇಬಿಗೆ ಎರಡು ಶಾಂಪೇನ್ ಗ್ಲಾಸು ತುರುಕಿಕೊಂಡು ಅವಳ ಹತ್ತಿರ ಹೊರಟರೆ, ಅಣ್ಣ ಲೈನಸ್ ಉಪಾಯವಾಗಿ ಕುರ್ಚಿಯಲ್ಲಿ ಕೂರಿಸುತ್ತಾನೆ. ಚಟಾರ್! ಕುಂಡೆಗೆ ಹೊಲಿಗೆ.

ಅಣ್ಣನದೇನು ಹೊಟ್ಟೆಕಿಚ್ಚಲ್ಲ, ವ್ಯಾಪಾರ. ಕಬ್ಬಿನಿಂದ ಪ್ಲಾಸ್ಟಿಕ್ ಮಾಡಬೇಕು; ಅದಕ್ಕೆ ಕಬ್ಬಿನ ಧಣಿಯ ಮಗಳ ಜೊತೆ ತಮ್ಮನ ಮದುವೆ ಆಗಬೇಕು. (ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ.) ಸಬ್ರಿನಾಳನ್ನು ಸಾಗಹಾಕಲು ಪ್ರೀತಿಯ ನಾಟಕವಾಡಲು ಹೋಗಿ ತಾನೇ ಹಳ್ಳಕ್ಕೆ ಬೀಳುತ್ತಾನೆ. ಲೈನಸ್ ಆಗಿರುವ ಬೋಗಾರ್ಟ್‌ನ ಆ ಹುಣಸೆಹುಳಿ ಮುಖಕ್ಕೆ ಸಬ್ರಿನಾ ಆಗಿರುವ ಆಡ್ರೆ ಹೆಪ್‌ಬರ್ನ್ ಹೇಗೆ ಒಲಿದಳೋ!

ಕೊನೆಗೆ ಡೇವಿಡ್ಡೇ ಬೇಕಂತ ಕೆಣಕಿ, ಅಣ್ಣನ ಕೈಲಿ ಗುದ್ದಿಸಿಕೊಂಡು, ಅವನನ್ನು ಸಬ್ರಿನಾ ಪ್ಯಾರಿಸ್ಸಿಗೆ ವಾಪಸ್ ಹೊರಟ ಹಡಗಿಗೆ ಅಟ್ಟುತ್ತಾನೆ. ಹಿಂದೆ ಹೊಲಿಗೆ, ಮುಂದೆ ಗುದ್ದು, ಹುಡುಗಿ ಅಣ್ಣನಿಗೆ.