ತಂತ್ರಾಂಶ ಮತಭೇದ ನಿರ್ಣಯ

ಪ್ರಕಟವಾದ ಸಂಶೋಧನೆಯನ್ನು ಅದೇ ದತ್ತಾಂಶದ ಮೇಲೆ ಇನ್ನೊಬ್ಬರು ಮಾಡಿ ನೋಡಿದರೂ ಅದೇ ಉತ್ತರ ಬರಬೇಕು ಎಂಬುದು ಪೂರ್ವಪಕ್ಷ. ಮೂಲ ಲೇಖಕರು ಕೋಡ್ ಬರೆದದ್ದು ಸ್ಟೇಟಾ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ, ಪರೀಕ್ಷಿಸುವವರ ಬಳಿ ಇರುವುದು ಆರ್ ಎಂಬ ಇನ್ನೊಂದು ಮಾತ್ರ ಎಂದಾದಾಗ ಪೂರ್ವಪಕ್ಷ ಮುರಿದು ಬೀಳುತ್ತದೆ ಎಂಬುದು ಸಿದ್ಧಾಂತ. ಇವೆರಡರ ನಡುವೆ ಸಂಶೋಧನಾ ವಿದ್ಯಾರ್ಥಿಗಳ ಬಾಯಿಂದ ಬರುವ ಮಾತುಗಳು ಶಾಸ್ತ್ರಗ್ರಂಥಕ್ಕೆ ಯೋಗ್ಯವಲ್ಲವಾದ್ದರಿಂದ ಇಲ್ಲಿ ಕೈಬಿಡಲಾಗಿದೆ.

ಮತಗಳು ಮುಖ್ಯವಾಗಿ ನಾಲ್ಕು. 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಎಸ್‌ಪಿಎಸ್‌ಎಸ್, 1976ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಕಂಪನಿಯಾಗಿ ನೆಲೆಗೊಂಡ ಸ್ಯಾಸ್, 1985ರ ಸ್ಟೇಟಾ, ಮತ್ತು ಆಕ್ಲೆಂಡಿನಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಆಚಾರ್ಯರು ಸ್ಥಾಪಿಸಿದ ಆರ್. ಮೊದಲ ಮೂರರಲ್ಲಿ ಕಾಣಿಕೆ ಕಡ್ಡಾಯ. ಆರ್‌ನಲ್ಲಿ ಪ್ರವೇಶ ಉಚಿತ. ಪ್ಯಾಕೇಜುಗಳ ನಡುವಿನ ಜಗಳ ಬಿಡಿಸುವುದು ಭಕ್ತರಿಗೇ ಬಿಟ್ಟದ್ದು.

ಅಥ ಕಾಲನಿರ್ಣಯಃ. ಸ್ಟೇಟಾ ಮತ್ತು ಸ್ಯಾಸ್ ಮತಗಳಲ್ಲಿ ಕಾಲ ಆರಂಭವಾದದ್ದು 1960ರ ಜನವರಿ 1ರಂದು. ಆರ್ ಪ್ರಕಾರ 1970ರ ಅದೇ ದಿನ. ಸಂಪ್ರದಾಯನಿಷ್ಠ ಎಸ್‌ಪಿಎಸ್‌ಎಸ್ ಮಾತ್ರ ಗ್ರೆಗೋರಿಯನ್ ಪಂಚಾಂಗದ ಹೊಸ್ತಿಲಿಗೇ ಹೋಗಿ, 1582ರ ಅಕ್ಟೋಬರ್ 14ರಿಂದ ಸೆಕೆಂಡುಗಳನ್ನು ಎಣಿಸುತ್ತ ಕುಳಿತಿದೆ. ಸ್ಟೇಟಾದ ತಾರೀಕನ್ನು ಬರಿ ಅಂಕಿಯಾಗಿ ಆರ್‌ಗೆ ತಂದರೆ 3653 ದಿನ ಮುಂದೆ ಸರಿಯುತ್ತದೆ. 1980ರಲ್ಲಿ ಹುಟ್ಟಿದ ರೋಗಿ ಯಾವ ಔಷಧಿಯೂ ಇಲ್ಲದೆ ಹತ್ತು ವರ್ಷ ಚಿಕ್ಕವನಾಗುತ್ತಾನೆ.

ಇನ್ನು ಮೌನದ ಮೀಮಾಂಸೆ. ಸಮೀಕ್ಷೆಯಲ್ಲಿ ಒಬ್ಬಾತ ತನ್ನ ಆದಾಯ ಹೇಳಲಿಲ್ಲ; ಆ ಅಂಕಣ ಖಾಲಿ. ಸ್ಟೇಟಾ ಮತದಲ್ಲಿ ಖಾಲಿ ಎಂಬುದು ಎಲ್ಲ ಸಂಖ್ಯೆಗಳಿಗಿಂತ ದೊಡ್ಡದು. ಹಾಗಾಗಿ ‘ಹತ್ತು ಲಕ್ಷಕ್ಕಿಂತ ಹೆಚ್ಚು ಆದಾಯದವರು ಯಾರು?’ ಎಂದು ಕೇಳಿದರೆ ಆತನೂ ಸಾಲಿನಲ್ಲಿ ನಿಲ್ಲುತ್ತಾನೆ. ಸ್ಯಾಸ್‌ನಲ್ಲಿ ಅದೇ ಖಾಲಿ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು, ಋಣಸಂಖ್ಯೆಗಳಿಗಿಂತಲೂ. ಆರ್ ಮಾತ್ರ ‘ಗೊತ್ತಿಲ್ಲ’ ಎನ್ನುತ್ತದೆ, ಆ ಖಾಲಿಯನ್ನು ಮುಟ್ಟಿದ ಸರಾಸರಿಯನ್ನೂ ‘ಗೊತ್ತಿಲ್ಲ’ ಮಾಡಿಬಿಡುತ್ತದೆ. ಹೀಗೆ ಬಾಯಿ ಬಿಡದ ಒಬ್ಬನೇ ಮನುಷ್ಯ ಒಂದು ಮತದಲ್ಲಿ ಕುಬೇರ, ಇನ್ನೊಂದರಲ್ಲಿ ಬಿಪಿಎಲ್ ಕಾರ್ಡುದಾರ, ಮೂರನೆಯದರಲ್ಲಿ ಅನಿರ್ವಚನೀಯ.

ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಮೊದಲ ಚತುರ್ಥಕ ಎಷ್ಟು? ಆರ್ 3.25 ಎನ್ನುತ್ತದೆ, ಎಸ್‌ಪಿಎಸ್‌ಎಸ್ 2.75, ಸ್ಯಾಸ್ 3. ಸಂಖ್ಯಾಶಾಸ್ತ್ರಜ್ಞರಾದ ಹೈಂಡ್‌ಮನ್ ಮತ್ತು ಫ್ಯಾನ್ 1996ರಲ್ಲಿ ಇಂಥ ಒಂಬತ್ತು ವಿಧಾನಗಳನ್ನು ಪಟ್ಟಿಮಾಡಿ ಎಂಟನೆಯದನ್ನು ಶಿಫಾರಸು ಮಾಡಿದರು. ಆರ್ ಒಂಬತ್ತನ್ನೂ ಗೌರವದಿಂದ ಒಳಗಿಟ್ಟುಕೊಂಡು, ಕೇಳದಿದ್ದವರಿಗೆ ಏಳನೆಯದನ್ನು ಬಡಿಸುತ್ತದೆ. ಎರಡೂವರೆಯನ್ನು ಪೂರ್ಣಾಂಕ ಮಾಡೆಂದರೆ ಸ್ಯಾಸ್ 3 ಕೊಡುತ್ತದೆ, ಆರ್ ಸಮಸಂಖ್ಯೆಯ ಮೇಲಿನ ಪ್ರೀತಿಯಿಂದ 2 ಕೊಡುತ್ತದೆ.

ನಕ್ಷತ್ರಲೋಪ ದೋಷವನ್ನೂ ಹೇಳಬೇಕು. ಸ್ಟೇಟಾದಲ್ಲಿ ‘ರೋಬಸ್ಟ್’ ಎಂದರೆ ಪ್ರಮಾಣಿತ ದೋಷಕ್ಕೆ ಮಾಡುವ ಎಚ್‌ಸಿ1 ಎಂಬ ತಿದ್ದುಪಡಿ. ಆರ್‌ನ ಸ್ಯಾಂಡ್‌ವಿಚ್ ಪ್ಯಾಕೇಜ್ ತಾನಾಗಿ ಹಿಡಿಯುವುದು ಇನ್ನಷ್ಟು ಬಿಗಿಯಾದ ಎಚ್‌ಸಿ3. ಸ್ಯಾಂಪಲ್ ಚಿಕ್ಕದಿದ್ದರೆ, ಫಲಿತಾಂಶ ಮಹತ್ವದ್ದೆಂದು ಸಾರುತ್ತ ಮೂಲ ಕೋಷ್ಟಕದಲ್ಲಿ ಮಿನುಗಿದ ನಕ್ಷತ್ರ ಇಲ್ಲಿ ಅಸ್ತವಾಗಬಹುದು. ಅದರೊಂದಿಗೆ ಕೆಲವೊಮ್ಮೆ ಮೂಲ ಲೇಖಕರ ಸ್ನೇಹವೂ.

ಇವೆಲ್ಲ ಪಂಡಿತರ ಕಾಲಹರಣ ಎನ್ನುವವರಿಗೆ 2002ರ ದೃಷ್ಟಾಂತವಿದೆ. ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಅಮೆರಿಕದ 90 ನಗರಗಳ ಗಾಳಿಯ ಧೂಳಿಗೂ ಸಾವಿಗೂ ಇರುವ ಸಂಬಂಧ ಲೆಕ್ಕಹಾಕಿದ್ದರು. ಪಿಎಂ10 ಕಣಗಳು ಘನಮೀಟರಿಗೆ 10 ಮೈಕ್ರೋಗ್ರಾಂ ಏರಿದರೆ ಮರಣಪ್ರಮಾಣ 0.41 ಶೇಕಡಾ ಏರುತ್ತದೆಂದು ಬಂದಿತ್ತು. ಆದರೆ ಆರ್‌ನ ಅಣ್ಣನೆನ್ನಬಹುದಾದ ಎಸ್-ಪ್ಲಸ್‌ನಲ್ಲಿ ಒಂದು ಡಿಫಾಲ್ಟ್ ಅಡಗಿತ್ತು: ಸುತ್ತಿನಿಂದ ಸುತ್ತಿಗೆ ಉತ್ತರ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಬದಲಾದರೆ ಅದು ‘ಸಾಕು’ ಎಂದು ನಿಂತುಬಿಡುತ್ತಿತ್ತು. ಇಲ್ಲಿ ಅದು ಸಾಕಾಗಿರಲಿಲ್ಲ. ಬಿಗಿ ಮಾಡಿ ಓಡಿಸಿದಾಗ 0.27ಕ್ಕೆ ಇಳಿಯಿತು. ಧೂಳು ನಿರಪರಾಧಿಯಾಗಲಿಲ್ಲ, ಅಪರಾಧದ ಪ್ರಮಾಣ ಮಾತ್ರ ಬದಲಾಯಿತು. ಸಂಶೋಧಕರು ತಾವೇ ಇದನ್ನು ಹೇಳಿಕೊಂಡರು. ಶಾಸ್ತ್ರದ ಇತಿಹಾಸದಲ್ಲಿ ಅಪರೂಪದ ನಡತೆ.

ಹಾಗಾದರೆ ಎಲ್ಲರೂ ಒಂದೇ ಮತಕ್ಕೆ ಸೇರಿದರೆ ತಂಟೆಯೇ ಇಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ. ಅದನ್ನು ಖಂಡಿಸಲು ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್‌ರ 2010ರ ಲೇಖನ ಸಾಕು. ಸರ್ಕಾರದ ಸಾಲ ಜಿಡಿಪಿಯ 90 ಶೇಕಡಾ ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಋಣ 0.1 ಶೇಕಡಾ ಎಂದು ಅವರ ಎಕ್ಸೆಲ್ ಹಾಳೆ ಹೇಳಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತನ್ನ ಇಬ್ಬರು ಅಧ್ಯಾಪಕರೊಂದಿಗೆ ಅದನ್ನು ಆರ್‌ನಲ್ಲಿ ಮತ್ತೆ ಕಟ್ಟಿದಾಗ 2.2 ಬಂತು. ವ್ಯತ್ಯಾಸದ ಬಹುಪಾಲು ಬಿಟ್ಟುಹೋದ ವರ್ಷಗಳದ್ದು ಮತ್ತು ತೂಕ ಹಾಕಿದ ಕ್ರಮದ್ದು. ಜೊತೆಗೆ ಸರಾಸರಿಯ ಸೂತ್ರ ಐದು ಸಾಲುಗಳನ್ನು ಬಿಟ್ಟುಬಿಟ್ಟಿತ್ತು. ಇಂಗ್ಲಿಷ್ ಅಕಾರಾದಿಯಲ್ಲಿ ಮುಂದೆ ಬರುವ ಪಾಪಕ್ಕೆ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಹೊರಗುಳಿದವು. ಅದೇ ಹಾಳೆಯನ್ನು ಅದೇ ಎಕ್ಸೆಲ್‌ನಲ್ಲಿ ಸಾವಿರ ಸಲ ತೆರೆದಿದ್ದರೂ ಆ ಐದು ದೇಶಗಳು ಸಾವಿರ ಸಲವೂ ನಿಷ್ಠೆಯಿಂದ ಹೊರಗೇ ಇರುತ್ತಿದ್ದವು.

ಆದ್ದರಿಂದ ಮತಾಂತರ ಮಾಡುವವರು ಮೊದಲು ಸಾಲುಗಳ ಎಣಿಕೆ ತಾಳೆ ನೋಡಲಿ, ಆಮೇಲೆ ಸರಾಸರಿ, ನಕ್ಷತ್ರಗಳ ಗೊಡವೆ ಕಡೆಗೆ. ಎರಡು ಮತಗಳ ಯಾದೃಚ್ಛಿಕ ಸಂಖ್ಯೆಗಳು ಸೀಡ್ ಒಂದೇ ಆದರೂ ಹೊಂದಲಾರವು. ಆರ್ ಕೂಡ 2019ರ 3.6.0 ಆವೃತ್ತಿಯಲ್ಲಿ ಸ್ಯಾಂಪಲ್ ಎತ್ತುವ ಕ್ರಮ ಬದಲಿಸಿ ತನ್ನ ಹಳೆಯ ಮಾತಿಗೇ ತಪ್ಪಿದೆ. ಮೂಲ ಲೇಖಕರಲ್ಲಿ ವಿನಂತಿ ಇಷ್ಟೇ: ಕೋಡ್ ಜೊತೆ ಆವೃತ್ತಿಯ ಸಂಖ್ಯೆ, ಲಾಗ್ ಫೈಲ್ ಮತ್ತು ಎತ್ತಿದ ಸ್ಯಾಂಪಲ್ಲಿನ ಸಿಎಸ್‌ವಿ ಪ್ರತಿಯನ್ನು ಲೈಸೆನ್ಸ್ ಮುಗಿಯುವ ಮೊದಲೇ ತೆಗೆದಿಡಿ.