ನಾಲ್ಕು ಪೆನ್ನಿನ ಕ್ವಾಲಿಟಿ

ಪೀಣ್ಯದಲ್ಲಿ ಬ್ರೇಕಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದಕ್ಕೆ ನಾಳೆ ವಾಹನೋದ್ಯಮದ ಗುಣಮಟ್ಟದ ಐಎಟಿಎಫ್ 16949 ಆಡಿಟ್. ಕ್ವಾಲಿಟಿ ಮ್ಯಾನೇಜರ್ ಮೇಜಿನ ಮೇಲೆ ಫೈಲುಗಳ ರಾಶಿ, ಪಕ್ಕದಲ್ಲಿ ನಾಲ್ಕು ಪೆನ್ನು.

“ನಾಲ್ಕು ಯಾಕೆ ಸಾರ್?” ಎಂದ ಸೂಪರ್‌ವೈಸರ್.

“ಮೂರು ತಿಂಗಳ ಚೆಕ್‌ಶೀಟನ್ನ ಒಂದೇ ಪೆನ್ನಲ್ಲಿ ತುಂಬಿದ್ರೆ ಆಡಿಟರ್‌ಗೆ ಗೊತ್ತಾಗಲ್ವೇನಯ್ಯಾ?”

“ಫೆಬ್ರವರಿ 30ಕ್ಕೂ ಸಹಿ ಬಿದ್ದಿದೆ ಸಾರ್.”

“ಆ ಹಾಳೆ ಹರಿದುಹಾಕು. ಎಫ್‌ಎಂಇಎ ತೆಗಿ.”

ಎಫ್‌ಎಂಇಎ ಅಂದರೆ ಏನೇನು ಹೇಗೆ ಕೆಡಬಹುದೆಂಬ ಲೆಕ್ಕ. ದೋಷ ಎಷ್ಟು ಗಂಭೀರ, ಎಷ್ಟು ಸಲ ಬರುತ್ತದೆ, ಪತ್ತೆಹಚ್ಚುವುದು ಎಷ್ಟು ಕಷ್ಟ? ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುವುದು ಹಳೆಯ ಪದ್ಧತಿ, ಗರಿಷ್ಠ 1000. ಗುಣಲಬ್ಧ 100 ದಾಟಿದರೆ ಕ್ರಮ ಕೈಗೊಳ್ಳಬೇಕೆಂಬುದು ಹಲವು ಕಾರ್ಖಾನೆಗಳ ರೂಢಿ. ಹಾಗಾಗಿ ಇಲ್ಲಿನ ದೋಷಗಳೆಲ್ಲ ಶಿಸ್ತಾಗಿ 96, 98ಕ್ಕೆ ಬಂದು ನಿಂತಿವೆ. 2019ರ ಎಐಎಜಿ–ವಿಡಿಎ ಎಫ್‌ಎಂಇಎ ಕೈಪಿಡಿ ಈ ಗುಣಾಕಾರವನ್ನೇ ಕೈಬಿಟ್ಟ ಸುದ್ದಿ ಇನ್ನೂ ಗೇಟಿನ ಒಳಗೆ ಬಂದಿಲ್ಲ.

“ಬ್ರೇಕ್ ಪಿನ್ ಮುರಿದ್ರೆ ಗಂಭೀರತೆ ಬರೀ ಏಳಾ ಸಾರ್?”

“10 ಹಾಕಿದ್ರೆ ಗುಣಿಸಿದ್ದು 140 ಆಗುತ್ತಪ್ಪಾ. ಬ್ರೇಕೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಲಿ.”

ಅಷ್ಟರಲ್ಲಿ ಮಾಲೀಕರು ಬಂದರು. “ಕ್ವಾಲಿಟಿ ಪಾಲಿಸಿ ಎಲ್ಲರಿಗೂ ಬಾಯಿಪಾಠ ಆಯ್ತೇನ್ರೀ?”

“ಆಗಿದೆ ಸಾರ್. ಅರ್ಥ ಕೇಳದಿದ್ರೆ ಸಾಕು.”

ಸೂಪರ್‌ವೈಸರ್ ಒಂದು ವರ್ನಿಯರ್ ಎತ್ತಿ ಹಿಡಿದ. ಕ್ಯಾಲಿಬ್ರೇಷನ್ ಸ್ಟಿಕ್ಕರಿನ ಗಡುವು ಮುಗಿದು ಎಂಟು ತಿಂಗಳು.

“ಬೀರುವಿಗೆ ಹಾಕಿ ಬೀಗ ಜಡಿ.”

“ಜಾಗ ಇಲ್ಲ ಸಾರ್. ಹೋದ ಸಲದ ಆಡಿಟ್‌ಗೆ ಬಚ್ಚಿಟ್ಟಿದ್ದೇ ತುಂಬಿದೆ.”